ಹಣ್ಣುನೊಣದ ಮರಿಹುಳು ಸಾಯಲು ಹಣ್ಣನ್ನು ಎಷ್ಟು ದಿನ ತಂಪಿನಲ್ಲಿಡಬೇಕು?

ಕಿತ್ತಳೆಯನ್ನು 2 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಎರಡು ವಾರ ಇಟ್ಟರೆ ಸಾಕೇ, ನಡುವೆ ಕೆಲವು ಗಂಟೆ ತಂಪು ಕಡಿಮೆಯಾದರೆ ಏನಾಗುತ್ತದೆ ಎಂದು ಕೇಳಿದ್ದೀರಿ. ಸಾಲದು. ಮೆಡಿಟರೇನಿಯನ್ ಹಣ್ಣುನೊಣಕ್ಕಾಗಿ ಕಿತ್ತಳೆಗೆ ಗೊತ್ತುಪಡಿಸಿರುವ ಅಂತರರಾಷ್ಟ್ರೀಯ ಕ್ರಮದ ಪ್ರಕಾರ 2 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತಾಪದಲ್ಲಿ ಕನಿಷ್ಠ 16 ದಿನ, 3 ಡಿಗ್ರಿಯಲ್ಲಾದರೆ 20 ದಿನ ಬೇಕು.

ಆದರೆ ಕೋಣೆಯ ಗಾಳಿಯ ತಾಪ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೊಣ ಮೊಟ್ಟೆಯಿಡುವುದು ಸಿಪ್ಪೆಯ ಕೆಳಗೆ, ಮರಿಹುಳು ಬೆಳೆಯುವುದು ತಿರುಳಿನಲ್ಲಿ; ಆದ್ದರಿಂದ ತಿರುಳು ಆ ತಾಪಕ್ಕೆ ಇಳಿದ ಮೇಲೆಯೇ ಮೊದಲನೆಯ ದಿನ ಶುರುವಾಗುತ್ತದೆ. ಇಂಥ ಹಣ್ಣಿನ ತಪಾಸಣೆ ನನ್ನ ಕೆಲಸ. ತಾಪ ಅಳೆಯುವ ಸೆನ್ಸರ್‌ಗಳನ್ನು ಮೊದಲು ಪುಡಿ ಮಾಡಿದ ಮಂಜುಗಡ್ಡೆ ಮತ್ತು ಶುದ್ಧ ನೀರು ಬೆರೆಸಿದ ಪಾತ್ರೆಯಲ್ಲಿ, ಅಂಚಿಗೆ ತಾಗದಂತೆ ಹಿಡಿದು, 0 ಡಿಗ್ರಿಯಿಂದ ಎಷ್ಟು ಆಚೀಚೆ ತೋರಿಸುತ್ತವೆ ಎಂದು ಬರೆದಿಟ್ಟುಕೊಳ್ಳುತ್ತೇನೆ. ಬಳಿಕ ಅವುಗಳ ಮೊನೆಯನ್ನು ಹಣ್ಣಿನ ನಡುವಿನವರೆಗೆ ಚುಚ್ಚುತ್ತೇನೆ. ತಂಪು ಗಾಳಿ ಸರಿಯಾಗಿ ತಲುಪದ ಜಾಗದ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಡುವುದಿಲ್ಲ, ಏಕೆಂದರೆ ಬದುಕಿ ಉಳಿಯುವ ಹುಳು ಇದ್ದರೆ ಅಲ್ಲಿಯೇ ಇರುತ್ತದೆ.

ಇಷ್ಟು ಬಿಗಿ ಏಕೆಂದರೆ, ಈ ತಂಪು ಹುಳುವನ್ನು ಒಮ್ಮೆಲೇ ಕೊಲ್ಲುವುದಿಲ್ಲ. ದಿನದಿಂದ ದಿನಕ್ಕೆ ಅದರ ದೇಹದಲ್ಲಿ ಹಾನಿ ಕೂಡುತ್ತಾ ಹೋಗುತ್ತದೆ, ನಡುವೆ ಬೆಚ್ಚಗಾದರೆ ಹುಳು ಚೇತರಿಸಿಕೊಳ್ಳಬಹುದು. ಹಾಗಾಗಿ ತಾಪ ಮಿತಿ ಮೀರಿದರೆ, ಆಮದು ಮಾಡಿಕೊಳ್ಳುವ ದೇಶದ ನಿಯಮದಂತೆ ದಿನಗಳನ್ನು ಹೆಚ್ಚಿಸಬೇಕಾಗುತ್ತದೆ ಅಥವಾ ಎಣಿಕೆಯನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಹಿಂದಿನಿಂದ ಬಳಕೆಯಲ್ಲಿರುವ ಅಳತೆಗೋಲು 99.9968 ಶೇಕಡಾ ಸಾವು, ಅಂದರೆ ಒಂದು ಲಕ್ಷ ಹುಳುಗಳಲ್ಲಿ ಸುಮಾರು ಮೂರು ಮಾತ್ರ ಉಳಿಯಬಹುದು. 2001ರಲ್ಲಿ ಸ್ಪೇನ್‌ನಿಂದ ಅಮೆರಿಕಕ್ಕೆ ಹೋದ ಕ್ಲೆಮೆಂಟೈನ್ ಎಂಬ ಸಣ್ಣ ಕಿತ್ತಳೆ ಜಾತಿಯ ಹಣ್ಣುಗಳಲ್ಲಿ, ಈ ತಂಪಿನ ಉಪಚಾರ ಆಗಿದ್ದರೂ, ಜೀವಂತ ಮರಿಹುಳುಗಳು ಸಿಕ್ಕವು. ಆಮದು ನಿಂತಿತು, ಬಳಿಕ ಅಮೆರಿಕ ಅವಧಿಯನ್ನು ಹೆಚ್ಚಿಸಿತು. ಅಲ್ಲಿನ ಪಟ್ಟಿಯಲ್ಲಿ ಈಗ 1.11 ಡಿಗ್ರಿಗೆ 14 ದಿನ, 2.22 ಡಿಗ್ರಿಗೆ 18 ದಿನ ಎಂದಿದೆ. ಸುಮಾರು ಒಂದು ಡಿಗ್ರಿಯ ಅಂತರಕ್ಕೆ ನಾಲ್ಕು ದಿನ ಏರಿರುವುದನ್ನು ದಯವಿಟ್ಟು ಗಮನಿಸಿ.

ಕಿತ್ತಳೆ, ದ್ರಾಕ್ಷಿ, ಸೇಬು ಈ ತಂಪನ್ನು ಸಾಮಾನ್ಯವಾಗಿ ತಾಳುತ್ತವೆ. ಮಾವು, ಬಾಳೆ ತಾಳುವುದಿಲ್ಲ, ಸಿಪ್ಪೆ ಕಪ್ಪಾಗಿ ಹಣ್ಣು ಕೆಡುತ್ತದೆ. ಆದ್ದರಿಂದಲೇ ಮಾವಿಗೆ ಬಿಸಿನೀರು ಅಥವಾ ಬಿಸಿ ಆವಿಯ ಉಪಚಾರ ಮಾಡುತ್ತಾರೆ.