ಓದುಗರ ಪ್ರಶ್ನೆ, ತಜ್ಞರ ಉತ್ತರ: ವೇಗ ಏರಿದಾಗ ಹಳೆಯ ಬೋಟು ಓಲಾಡುವುದೇಕೆ?

ಪ್ರಶ್ನೆ: ನನ್ನ ಬಳಿ ಸುಮಾರು 35 ವರ್ಷ ಹಳೆಯದಾದ, 24 ಅಡಿ ಉದ್ದದ, ಆಳವಾದ ‘ವಿ’ ಆಕಾರದ ತಳವುಳ್ಳ ಫೈಬರ್‌ಗ್ಲಾಸ್ ವೇಗದ ಬೋಟು ಇದೆ. ಹಿಂಬದಿಯಲ್ಲಿ ಒಂದೇ ಸ್ಟರ್ನ್‌ಡ್ರೈವ್ (ಎಂಜಿನ್ ಬೋಟಿನೊಳಗೆ, ಪ್ರೊಪೆಲರ್ ಇರುವ ತಿರುಗುವ ಡ್ರೈವ್ ಹೊರಗೆ) ಇದ್ದು, ಹಿಂದಿನ ಮಾಲೀಕರು ಮೂಲ ಎಂಜಿನ್ ತೆಗೆಸಿ ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿದ್ದಾರೆ. ಗಂಟೆಗೆ 55 ಮೈಲಿಯವರೆಗೆ ನೆಟ್ಟಗೆ ಓಡುವ ಬೋಟು 60 ದಾಟಿದೊಡನೆ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ಹೋದರೆ ಓಲಾಟ ಇನ್ನಷ್ಟು ಹೆಚ್ಚುತ್ತದೆ. ದೊಡ್ಡ ಟ್ರಿಮ್ ಟ್ಯಾಬ್ (ಬೋಟಿನ ಹಿಂತುದಿಯಲ್ಲಿ ಕೆಳಕ್ಕೆ ಇಳಿಸಬಹುದಾದ ಹಲಗೆ) ಹಾಕಿಸಿ ಎಂದು ಕೆಲವರು, ಪ್ರೊಪೆಲರ್ ಬದಲಿಸಿ ಎಂದು ಕೆಲವರು ಹೇಳುತ್ತಾರೆ. ಯಾವುದರಿಂದ ಆರಂಭಿಸಲಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಹಳೆಯ ಬೋಟಿಗೆ ಹೊಸ ಭಾಗಗಳನ್ನು ಸೇರಿಸುವ ಮೊದಲು ಅದರಲ್ಲಿ ಸಡಿಲಗೊಂಡಿರುವುದನ್ನು ಬಿಗಿಗೊಳಿಸಬೇಕು, ಸೊಟ್ಟಗಾಗಿರುವುದನ್ನು ನೇರಗೊಳಿಸಬೇಕು.

ನೀವು ವರ್ಣಿಸಿರುವ ಓಲಾಟಕ್ಕೆ ಬೋಟಿನವರು ಚೈನ್ ವಾಕಿಂಗ್ (chine walking) ಎನ್ನುತ್ತಾರೆ; ಇಲ್ಲಿ ಚೈನ್ ಎಂದರೆ ಬೋಟಿನ ತಳವೂ ಪಕ್ಕದ ಗೋಡೆಯೂ ಸೇರುವ ಅಂಚು. ವೇಗ ಏರಿದಂತೆ ಬೋಟು ನೀರಿನಿಂದ ಮೇಲೆದ್ದು, ಕೊನೆಗೆ ಕೀಲ್‌ನ, ಅಂದರೆ ತಳದ ನಡುಗೆರೆಯ, ಹಿಂತುದಿಯ ಆಸುಪಾಸಿನ ಸ್ವಲ್ಪ ಜಾಗ ಮಾತ್ರ ನೀರಿಗೆ ತಾಗಿರುತ್ತದೆ. ಆಗ ಬೋಟಿನ ಇಡೀ ಭಾರ ಕತ್ತಿಯ ಅಲುಗಿನ ಮೇಲೆ ನಿಂತಂತಾಗುತ್ತದೆ. ಅದು ಒಂದು ಪಕ್ಕಕ್ಕೆ ವಾಲಿದಾಗ ಆ ಬದಿಯ ಇಳಿಜಾರು ತಳ ನೀರಿಗೆ ಬಡಿದು ಬೋಟನ್ನು ಇನ್ನೊಂದು ಪಕ್ಕಕ್ಕೆ ಎಸೆಯುತ್ತದೆ. ಹಿಂದಿನಿಂದ ನೋಡಿದಾಗ ಬಲಸುತ್ತಾಗಿ ತಿರುಗುವ ಪ್ರೊಪೆಲರ್ ಇದ್ದರೆ, ಅದರ ಪ್ರತಿಬಲ ಬೋಟಿನ ಎಡಬದಿಯನ್ನು ಸದಾ ಕೆಳಕ್ಕೆ ಒತ್ತುತ್ತಿರುವುದರಿಂದ ಮೊದಲ ವಾಲಾಟಕ್ಕೆ ಬೇರೆ ಕಾರಣವೇ ಬೇಕಿಲ್ಲ.

ಆಳವಾದ ವಿ ತಳಕ್ಕೆ ಹೆಸರು ತಂದದ್ದು 1960ರ ಮಯಾಮಿ–ನಸ್ಸಾವ್ ಬೋಟು ಓಟ. ರೇ ಹಂಟ್ ವಿನ್ಯಾಸದ ತಳವಿದ್ದ, ರಿಚರ್ಡ್ ಬರ್ಟ್ರಾಮ್ ಅವರ ‘ಮೋಪಿ’ ಅಂದು ಒರಟು ಸಮುದ್ರದಲ್ಲಿ ಗೆದ್ದಿತು. ಈ ತಳ ಹುಟ್ಟಿದ್ದೇ ಅಲೆಗಳನ್ನು ಸೀಳುವುದಕ್ಕೆ ಎಂಬುದನ್ನು ಮರೆಯಬಾರದು. ಹೊಡೆತವನ್ನು ಮೆದುಗೊಳಿಸುವ ಅದೇ 20ರಿಂದ 24 ಡಿಗ್ರಿಯ ಇಳಿಜಾರು, ಶಾಂತ ನೀರಿನಲ್ಲಿ ಪೂರ್ಣ ವೇಗಕ್ಕೆ ಹೋದಾಗ ಸಮತೋಲವನ್ನು ಕಷ್ಟವಾಗಿಸುತ್ತದೆ. ಆದ್ದರಿಂದ ನಿಮ್ಮ ಬೋಟು ಓಲಾಡುವುದು ಅಷ್ಟೊಂದು ಅಸಹಜವಲ್ಲ. ತಿದ್ದಿದಷ್ಟೂ ಹೆಚ್ಚುವುದು ಮಾತ್ರ ಅಸಹಜ, ಮತ್ತು ಅದು ಸ್ಟೀರಿಂಗ್‌ನತ್ತ ಬೆರಳು ತೋರಿಸುತ್ತದೆ. ಚಕ್ರ ತಿರುಗಿಸಿದ ಕ್ಷಣಕ್ಕೂ ಡ್ರೈವ್ ತಿರುಗುವ ಕ್ಷಣಕ್ಕೂ ನಡುವೆ ಅಂತರವಿದ್ದರೆ ನಿಮ್ಮ ತಿದ್ದುಪಡಿ ತಡವಾಗಿ ತಲುಪುತ್ತದೆ, ಅಷ್ಟರಲ್ಲಿ ಬೋಟು ಮರಳಿ ವಾಲತೊಡಗಿರುತ್ತದೆ, ಹೀಗಾಗಿ ತಡೆಯಬೇಕಾದ ಬಲವೇ ಅದನ್ನು ತಳ್ಳುವ ಬಲವಾಗುತ್ತದೆ.

ಬೋಟನ್ನು ಟ್ರೇಲರ್ ಮೇಲಿಟ್ಟು, ಡ್ರೈವ್ ಕೆಳಗಿಳಿಸಿ, ಚಕ್ರವನ್ನು ಒಬ್ಬರು ಅಲುಗದಂತೆ ಹಿಡಿದಿರಲಿ. ನೀವು ಡ್ರೈವ್‌ನ ಕೆಳತುದಿಯನ್ನು ಎರಡೂ ಕೈಗಳಿಂದ ಹಿಡಿದು ಎಡಬಲಕ್ಕೆ ಬಲವಾಗಿ ಅಲುಗಿಸಿ. ಅದು ಕಣ್ಣಿಗೆ ಕಾಣುವಷ್ಟು ಆಡಿದರೆ ಪ್ಲೇ, ಅಂದರೆ ಸಡಿಲ, ಎಲ್ಲಿದೆ ಎಂಬುದನ್ನು ಒಂದೊಂದೇ ಜೋಡಣೆ ನೋಡುತ್ತ ಹುಡುಕಬೇಕು: ಡ್ರೈವನ್ನು ಹಿಡಿದು ಎಡಬಲಕ್ಕೆ ತಿರುಗಿಸುವ ಗಿಂಬಲ್ ರಿಂಗ್‌ನ ಮೇಲಿನ ಪಿನ್ ಕೂರುವ ಜಾಗ, ಅದಕ್ಕೆ ಸೇರಿದ ಸ್ಟೀರಿಂಗ್ ತೋಳು, ಕೇಬಲ್‌ನ ತುದಿ, ಹೈಡ್ರಾಲಿಕ್ ಸಿಲಿಂಡರಿನ ಪಿನ್. ಸವೆದದ್ದನ್ನು ಬದಲಿಸಿದ ಮೇಲೆಯೂ, ನಿಮ್ಮ ವೇಗಕ್ಕೆ ಡ್ರೈವನ್ನು ಹೊರಗಿನಿಂದ ಎರಡೂ ಬದಿಯಲ್ಲಿ ಹಿಡಿದಿಡುವ ಜೋಡಿ ಸಿಲಿಂಡರಿನ ಹೈಡ್ರಾಲಿಕ್ ಸ್ಟೀರಿಂಗ್ ಹಾಕಿಸುವುದು ನನ್ನ ಸಲಹೆ. ಈ ಬೋಟಿಗೆ ನೀವು ಮಾಡಬಹುದಾದ ಅತಿ ಸಾರ್ಥಕ ಖರ್ಚು ಬಹುಶಃ ಇದೇ.

ಆದರೆ ಅದನ್ನು ಬೋಲ್ಟ್ ಮಾಡುವುದು ಟ್ರಾನ್ಸಮ್‌ಗೆ, ಅಂದರೆ ಬೋಟಿನ ಹಿಂಗೋಡೆಗೆ, ಮತ್ತು ಆ ಕಾಲದ ಅನೇಕ ಬೋಟುಗಳಲ್ಲಿ ಆ ಗೋಡೆಯೊಳಗೆ ಪ್ಲೈವುಡ್ ಇರುತ್ತದೆ. ಹಳೆಯ ಸ್ಕ್ರೂ ತೂತುಗಳಿಂದ ನೀರು ಇಳಿದು ಅದು ಕೊಳೆತಿರಬಹುದು. ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ಜಾಗ ಖಣಖಣ ಎನ್ನುತ್ತದೆ, ಕೊಳೆತ ಜಾಗ ಮಂದವಾಗಿ ದಬದಬ ಎನ್ನುತ್ತದೆ. ಡ್ರೈವ್‌ನ ಮೇಲೆ ಭಾರ ಹಾಕಿದಾಗ ಅದರ ಸುತ್ತಲಿನ ಗೋಡೆ ಬಾಗುತ್ತಿದ್ದರೆ ಮುಂದಿನ ಯಾವ ಸುಧಾರಣೆಗೂ ಅರ್ಥವಿಲ್ಲ. ಬೋಟು ಮೊದಲು ದುರಸ್ತಿಗೆ ಹೋಗಬೇಕು. ಹೆಚ್ಚು ಶಕ್ತಿಯ ಎಂಜಿನ್ ಸೇರಿಸಿರುವುದರಿಂದ ನಿಮ್ಮ ವಿಷಯದಲ್ಲಿ ಈ ಪರೀಕ್ಷೆ ಐಚ್ಛಿಕವಲ್ಲ. ಎಂಜಿನ್ ಕೂತಿರುವ ಉದ್ದ ತೊಲೆಗಳನ್ನೂ ಹಾಗೆಯೇ ತಟ್ಟಿ ನೋಡಿ.

ಅನಂತರ ತಳ. ಆರು ಅಡಿಯ ನೇರ ಪಟ್ಟಿಯೊಂದನ್ನು ಟ್ರಾನ್ಸಮ್‌ನಿಂದ ಮುಂದಕ್ಕೆ, ಕೀಲ್‌ಗೆ ಸಮಾನಾಂತರವಾಗಿ, ಎರಡೂ ಬದಿಯಲ್ಲಿ ಹಲವು ಕಡೆ ಒತ್ತಿ ಹಿಡಿಯಿರಿ. ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ, ಅದು ಮೂತಿಯನ್ನು ಕೆಳಕ್ಕೊತ್ತುತ್ತದೆ. ಪಟ್ಟಿಯೇ ತೊಟ್ಟಿಲಂತೆ ತೂಗಿದರೆ ಹೊರಕ್ಕೆ ಉಬ್ಬಿದೆ, ಅದು ಮೂತಿಯನ್ನು ಮೇಲಕ್ಕೆತ್ತಿ ಕುಣಿಸುತ್ತದೆ. ಎಡಕ್ಕೊಂದು ಬಲಕ್ಕೊಂದು ಅಳತೆ ಬಂದರೆ ಓಲಾಟದ ಇನ್ನೊಂದು ಕಾರಣ ಸಿಕ್ಕಂತೆ. ಬೋಟಿನ ಹಿಂತುದಿಯವರೆಗೆ ಆಧಾರ ಕೊಡದ ಟ್ರೇಲರ್ ಮೇಲೆ ವರ್ಷಗಟ್ಟಲೆ ನಿಂತ ಬೋಟುಗಳಲ್ಲಿ ಇದು ಸಾಮಾನ್ಯ. ತಳ ಟ್ರಾನ್ಸಮ್‌ಗೆ ಸೇರುವ ಅಂಚು ಚೂಪಾಗಿರಬೇಕು ಎಂಬುದನ್ನೂ ಗಮನಿಸಿ. ಹಳೆಯ ರಿಪೇರಿಯಲ್ಲಿ ದುಂಡಗಾದ ಅಂಚನ್ನು ನೀರು ಸರಕ್ಕನೆ ಬಿಟ್ಟುಹೋಗದೆ ಅಂಟಿಕೊಂಡು ಹಿಂಭಾಗವನ್ನು ಎಳೆಯುತ್ತದೆ.

ಭಾರದ ಬಗ್ಗೆ ಎರಡೇ ಮಾತು. 200 ಲೀಟರ್ ಪೆಟ್ರೋಲ್ ಸುಮಾರು 150 ಕಿಲೋ ತೂಗುತ್ತದೆ, ಆದ್ದರಿಂದ ತುಂಬಿದ ಟ್ಯಾಂಕಿನ ಬೋಟೂ ಬರಿದಾದ ಟ್ಯಾಂಕಿನ ಬೋಟೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಬ್ಯಾಟರಿಗಳನ್ನೂ ಸಾಮಾನುಗಳನ್ನೂ ಎಡಬಲ ಸಮವಾಗುವಂತೆ ಇಡಿ.

ಪ್ರೊಪೆಲರ್ ಬದಲಿಸಿ ಎಂದವರ ಮಾತು ಪೂರ್ತಿ ತಪ್ಪಲ್ಲ, ಅದರ ಸರದಿ ಈಗ ಬರುತ್ತದೆ. ನಾಲ್ಕು ಎಲೆಗಳ ಪ್ರೊಪೆಲರ್ ನೀರನ್ನು ಹೆಚ್ಚು ಬಿಗಿಯಾಗಿ ಹಿಡಿದು ಹಿಂಭಾಗಕ್ಕೆ ಆಸರೆ ಕೊಡುತ್ತದೆ, ಬದಲಿಗೆ ಗರಿಷ್ಠ ವೇಗದಲ್ಲಿ ಸ್ವಲ್ಪ ಕಳೆದುಕೊಳ್ಳಬೇಕಾಗಬಹುದು. ಈಗಿರುವುದು ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಆರ್‌ಪಿಎಂ ಅನ್ನು ಇಂಚಿನ ಪಿಚ್‌ನಿಂದ (ಪ್ರೊಪೆಲರ್ ಜಾರದೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ) ಗುಣಿಸಿ, ಬಂದದ್ದನ್ನು ಗೇರ್ ಅನುಪಾತದಿಂದಲೂ 1056ರಿಂದಲೂ ಭಾಗಿಸಿ. 4800 ಆರ್‌ಪಿಎಂ, 23 ಪಿಚ್, 1.5 ಅನುಪಾತವಾದರೆ ಗಂಟೆಗೆ ಸುಮಾರು 69.7 ಮೈಲಿ ಬರುತ್ತದೆ. ಜಿಪಿಎಸ್ 62 ತೋರಿಸಿದರೆ ಜಾರುವಿಕೆ, ಅಂದರೆ ಲೆಕ್ಕದ ವೇಗಕ್ಕೂ ನಿಜವಾದ ವೇಗಕ್ಕೂ ಇರುವ ಅಂತರ, ಶೇಕಡ 11ರಷ್ಟು, ಅದು ಆರೋಗ್ಯಕರ. ಶೇಕಡ 20 ದಾಟಿದರೆ ಪ್ರೊಪೆಲರನ್ನೂ ಡ್ರೈವ್‌ನ ಎತ್ತರವನ್ನೂ ಅನುಮಾನಿಸಿ.

ದೊಡ್ಡ ಟ್ಯಾಬ್‌ಗಳ ವಿಷಯದಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯವಿದೆ. ಟ್ಯಾಬ್ ಇಳಿಸಿದರೆ ಓಲಾಟ ನಿಂತಂತೆ ಕಾಣುವುದು ನಿಜ, ಏಕೆಂದರೆ ಮೂತಿ ಕೆಳಗಿಳಿದು ತಳದ ಹೆಚ್ಚಿನ ಭಾಗ ನೀರಿಗೆ ತಾಗುತ್ತದೆ. ಆದರೆ 60 ಮೈಲಿ ವೇಗದಲ್ಲಿ ಮೂತಿ ಆಳಕ್ಕೆ ಕಚ್ಚಿದರೆ ಬೋಟು ಮುಂಭಾಗದಿಂದ ತಿರುಗತೊಡಗುತ್ತದೆ, ಹಿಂಭಾಗ ಬೀಸಿಕೊಂಡು ಬಂದು ಕುಳಿತವರನ್ನು ಹೊರಗೆಸೆಯಬಹುದು. ಓಲಾಟಕ್ಕಿಂತ ಇದು ಎಷ್ಟೋ ಪಟ್ಟು ಅಪಾಯಕರ.

ರಿಪೇರಿಯ ನಂತರ ನೀರಿಗಿಳಿದಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಟ್ರಿಮ್ (ಡ್ರೈವ್ ಒಳಕ್ಕೆ ಅಥವಾ ಹೊರಕ್ಕೆ ಓರೆಯಾಗಿರುವ ಕೋನ), ಆರ್‌ಪಿಎಂ, ಜಿಪಿಎಸ್ ವೇಗ ಮೂರನ್ನೂ ಬರೆದಿಡಿ. ಓಲಾಟ ಶುರುವಾದರೆ ಥ್ರಾಟಲನ್ನು ಥಟ್ಟನೆ ಬಿಡಬೇಡಿ, ಆಗ ಮೂತಿ ಕುಸಿಯುತ್ತದೆ. ಡ್ರೈವನ್ನು ತುಸು ಒಳಕ್ಕೆ ಟ್ರಿಮ್ ಮಾಡುತ್ತ ನಿಧಾನವಾಗಿ ವೇಗ ಇಳಿಸಿ. ಲೈಫ್ ಜಾಕೆಟ್ ತೊಡದೆ, ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಹಗ್ಗವನ್ನು ಮೈಗೆ ಸಿಕ್ಕಿಸಿಕೊಳ್ಳದೆ ಈ ಪರೀಕ್ಷೆಗೆ ಹೊರಡಬಾರದು.

ಪ್ರಶ್ನೆ: ನನ್ನ ಬೋಟು ಪಕ್ಕಕ್ಕೆ ವಾಲುವುದಿಲ್ಲ, ಆದರೆ 30–35 ಮೈಲಿ ವೇಗದಲ್ಲಿ ಮೂತಿ ಒಂದೇ ಸಮನೆ ಮೇಲಕ್ಕೂ ಕೆಳಕ್ಕೂ ಕುಣಿಯುತ್ತದೆ. ಇದೂ ಅದೇ ತೊಂದರೆಯೇ?

ಉತ್ತರ: ಅಲ್ಲ, ಇದು ಪಾರ್ಪಸಿಂಗ್. ಆ ವೇಗಕ್ಕೆ ನೀವು ಡ್ರೈವನ್ನು ಅಗತ್ಯಕ್ಕಿಂತ ಹೊರಕ್ಕೆ ಟ್ರಿಮ್ ಮಾಡುತ್ತಿದ್ದೀರಿ, ಇಲ್ಲವೇ ಭಾರ ಹಿಂದೆ ಹೆಚ್ಚಾಗಿದೆ. ಟ್ರಿಮ್ ಒಳಕ್ಕೆ ತನ್ನಿ, ಸಾಮಾನನ್ನು ಮುಂದಕ್ಕೆ ಸರಿಸಿ. ಟ್ಯಾಬ್ ಸ್ವಲ್ಪ ಇಳಿಸುವುದು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಅಷ್ಟಕ್ಕೂ ನಿಲ್ಲದಿದ್ದರೆ ಮೇಲೆ ಹೇಳಿದ ನೇರ ಪಟ್ಟಿಯಿಂದ ತಳದ ಉಬ್ಬನ್ನು ಪರೀಕ್ಷಿಸಿ.

ಪ್ರಶ್ನೆ: ಹಳೆಯ ಔಟ್‌ಬೋರ್ಡ್ ಬೋಟಿನಲ್ಲಿ (ಎಂಜಿನ್ ಪೂರ್ತಿ ಹಿಂಗೋಡೆಯ ಹೊರಗಿರುವ ಬೋಟು) ಜಾಕ್ ಪ್ಲೇಟ್ ಹಾಕಿ ಎಂಜಿನ್ ಎತ್ತರಿಸಿದರೆ ಹಿಡಿತ ಸುಧಾರಿಸುತ್ತದೆಯೇ?

ಉತ್ತರ: ವೇಗ ಸುಧಾರಿಸಬಹುದು, ಹಿಡಿತ ಸಾಮಾನ್ಯವಾಗಿ ತಗ್ಗುತ್ತದೆ. ಪ್ರೊಪೆಲರ್ ಕೂತಿರುವ ಕೆಳಭಾಗವಾದ ಗೇರ್‌ಕೇಸ್ ಮೇಲೆದ್ದಷ್ಟೂ ಎಳೆತ ಕಡಿಮೆಯಾಗುತ್ತದೆ, ಆದರೆ ಬೋಟನ್ನು ನೆಟ್ಟಗೆ ಹಿಡಿಯುವ ಭಾಗವೂ ಅಷ್ಟೇ ನೀರಿನಿಂದ ಹೊರಬರುತ್ತದೆ. ಎಂಜಿನ್ ತಂಪಾಗಿಸುವ ನೀರಿನ ಒತ್ತಡದ ಮೀಟರ್ ಇಲ್ಲದೆ ಎತ್ತರಿಸಲೇಬೇಡಿ. ಕಾಲು ಇಂಚಿನಂತೆ ಏರಿಸುತ್ತ ಹೋಗಿ, ಒತ್ತಡ ಇಳಿಯತೊಡಗಿದರೆ ಅಥವಾ ತಿರುವಿನಲ್ಲಿ ಪ್ರೊಪೆಲರ್ ಗಾಳಿ ನುಂಗಿ ಎಂಜಿನ್ ಅಬ್ಬರಿಸಿದರೆ ಒಂದು ಹಂತ ಕೆಳಗಿಳಿಸಿ ಅಲ್ಲಿಯೇ ನಿಲ್ಲಿಸಿ. ಒಂಟಿ ಕೇಬಲ್‌ನ ಸ್ಟೀರಿಂಗ್ ಇನ್ನೂ ಇದ್ದರೆ ಜಾಕ್ ಪ್ಲೇಟಿಗಿಂತ ಮೊದಲು ಅದನ್ನು ಬದಲಿಸಿ.