ಪ್ರತಿಕ್ರಿಯೆ: ಬಿಸ್ಮತ್‌ನ ರೋಧ ಅಲೆಯಂತೆ ಏರಿಳಿಯುವುದೇಕೆ?

ಕಾಂತಕ್ಷೇತ್ರ ಹೆಚ್ಚಿದಂತೆ ಬಿಸ್ಮತ್ ಎಂಬ ಲೋಹದ ವಿದ್ಯುತ್ ರೋಧ ಏರುವುದಲ್ಲದೆ ಅಲೆಯಂತೆ ಏರಿಳಿಯುವುದೇಕೆ, ತಾಮ್ರದಲ್ಲಿ ಹಾಗೇಕೆ ಕಾಣುವುದಿಲ್ಲ, ತುಮಕೂರಿನ ನಿಮ್ಮ ಕಾಲೇಜಿನಲ್ಲಿ ಇದನ್ನು ನೋಡಬಹುದೇ ಎಂದು ಕೇಳಿದ್ದೀರಿ. ಕೋಲಾರದಲ್ಲಿ ಭೌತವಿಜ್ಞಾನ ಪಾಠ ಮಾಡುವವನಾಗಿ ತಿಳಿದಷ್ಟು ಬರೆಯುತ್ತೇನೆ.

ಬಿಸ್ಮತ್‌ನಲ್ಲಿ ಸುಮಾರು ಒಂದು ಲಕ್ಷ ಪರಮಾಣುಗಳಿಗೆ ಒಂದರಂತೆ ಮಾತ್ರ ಸಂಚಾರಿ ಎಲೆಕ್ಟ್ರಾನ್ ಇದ್ದು, ಅಷ್ಟೇ ಸಂಖ್ಯೆಯ ರಂಧ್ರಗಳೂ (ಧನ ಆವೇಶದಂತೆ ವರ್ತಿಸುವ, ಎಲೆಕ್ಟ್ರಾನ್ ಇಲ್ಲದ ಖಾಲಿ ಸ್ಥಾನಗಳು) ಇರುತ್ತವೆ. ಕ್ಷೇತ್ರವು ಇವೆರಡನ್ನೂ ಒಂದೇ ಬದಿಗೆ ತಳ್ಳುವುದರಿಂದ, ಆ ಒತ್ತನ್ನು ಸರಿದೂಗಿಸಬೇಕಾದ ಹಾಲ್ ವೋಲ್ಟೇಜ್ (ಪ್ರವಾಹಕ್ಕೆ ಅಡ್ಡಲಾಗಿ ಹುಟ್ಟುವ ವೋಲ್ಟೇಜ್) ಸಾಕಷ್ಟು ಬೆಳೆಯುವುದಿಲ್ಲ. ರೋಧದ ಏರಿಕೆಗೆ ಇದೇ ಮುಖ್ಯ ಕಾರಣ. ಎಲೆಕ್ಟ್ರಾನ್ ಮತ್ತು ರಂಧ್ರಗಳು ಹೀಗೆಯೇ ಸರಿಸಮವಾಗಿರುವ ಟಂಗ್‌ಸ್ಟನ್ ಡೈಟೆಲ್ಯುರೈಡ್ ಎಂಬ ಸಂಯುಕ್ತದಲ್ಲಿ 60 ಟೆಸ್ಲಾದವರೆಗೂ (ಟೆಸ್ಲಾ ಕಾಂತಕ್ಷೇತ್ರದ ಮಾನ) ಈ ಏರಿಕೆ ನಿಲ್ಲದಿರುವುದು 2014ರಲ್ಲಿ ವರದಿಯಾಯಿತು.

ಏರಿಳಿತದ ಮೂಲವೇ ಬೇರೆ. ಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳ ಶಕ್ತಿಯು ಲ್ಯಾಂಡೌ ಮಟ್ಟಗಳೆಂಬ ಬಿಡಿ ಬಿಡಿ ಮೆಟ್ಟಿಲುಗಳಾಗಿ ಒಡೆಯುತ್ತದೆ. ಕ್ಷೇತ್ರ ಏರಿದಂತೆ ಈ ಮಟ್ಟಗಳು ಒಂದೊಂದಾಗಿ ಫರ್ಮಿ ಶಕ್ತಿಯನ್ನು (ಎಲೆಕ್ಟ್ರಾನ್‌ಗಳು ತುಂಬಿರುವ ಗರಿಷ್ಠ ಶಕ್ತಿಯನ್ನು) ದಾಟಿ ಹೋಗುವಾಗಲೆಲ್ಲ ರೋಧ ಅಲುಗುತ್ತದೆ. ಶುಬ್ನಿಕೊವ್ ಮತ್ತು ಡಿ ಹಾಸ್ 1930ರಲ್ಲಿ ಲೈಡನ್‌ನಲ್ಲಿ ಇದನ್ನು ಬಿಸ್ಮತ್‌ನಲ್ಲೇ ಕಂಡರು. ರೋಧವನ್ನು ಕ್ಷೇತ್ರದ ವ್ಯುತ್ಕ್ರಮಕ್ಕೆ (1/ಕ್ಷೇತ್ರ) ಎದುರಾಗಿ ನಕ್ಷಿಸಿದರೆ ಅಲೆಗಳು ಸಮಾನ ಅಂತರದಲ್ಲಿ ಬೀಳುತ್ತವೆ. ತಾಮ್ರದಲ್ಲೂ ಇಂಥ ಆಂದೋಲನಗಳು ಇಲ್ಲವೆಂದಲ್ಲ. ಅದರ ಫರ್ಮಿ ಮೇಲ್ಮೈ (ಫರ್ಮಿ ಶಕ್ತಿಯಲ್ಲಿರುವ ಎಲೆಕ್ಟ್ರಾನ್‌ಗಳ ಆವೇಗಗಳನ್ನು ಗುರುತಿಸಿದಾಗ ಮೂಡುವ ಮೇಲ್ಮೈ) ಬಹಳ ದೊಡ್ಡದಾದ್ದರಿಂದ ಅಲೆಗಳು ತೀರಾ ಒತ್ತೊತ್ತಾಗಿದ್ದು, ಅತಿ ಶುದ್ಧ ಸ್ಫಟಿಕ ಮತ್ತು ಪ್ರಬಲ ಕ್ಷೇತ್ರ ಬೇಕಾಗುತ್ತವೆ.

ನಿಮ್ಮಲ್ಲಿ ಹಾಲ್ ಪ್ರಯೋಗದ ವಿದ್ಯುತ್ಕಾಂತವಿದ್ದರೆ ರೋಧದ ಏರಿಕೆಯನ್ನು ಖಂಡಿತ ಅಳೆಯಬಹುದು, ಆದರೆ ಆಂದೋಲನಕ್ಕೆ ದ್ರವ ಹೀಲಿಯಂನ ತಂಪು ಬೇಕು. ತಂತಿಗಳನ್ನು ಮಾತ್ರ ತವರವಿರುವ ಸಾಧಾರಣ ಬೆಸುಗೆಯಿಂದ ಜೋಡಿಸಬೇಡಿ: ತವರದೊಡನೆ ಬೆರೆತ ಬಿಸ್ಮತ್ ಸುಮಾರು 139 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುತ್ತದೆ. ಸಿಲ್ವರ್ ಪೇಂಟ್ ಬಳಸಿ.