ಹಂದಿ ಮಾಂಸ ಮುಟ್ಟದವರಿಗೂ ಲಾಡಿಹುಳುವಿನ ಕಾಟವೇ?

ಪ್ರಶ್ನೆ: ಡಾಕ್ಟರೇ, ನನ್ನ ನಾದಿನಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂತು. ಸ್ಕ್ಯಾನ್ ಮಾಡಿಸಿದರೆ ಮೆದುಳಿನಲ್ಲಿ ಲಾಡಿಹುಳುವಿನ ಗುಳ್ಳೆ ಇದೆ ಎಂದರು. ಇದು ಹಂದಿಯಿಂದ ಬರುವ ಕಾಯಿಲೆಯಂತೆ. ನಾವು ಮೊಟ್ಟೆಯನ್ನೂ ತಿನ್ನುವವರಲ್ಲ. ಈಗ ನೆಂಟರೆಲ್ಲ ಅವಳನ್ನು ಅನುಮಾನದಿಂದ ನೋಡುತ್ತಿದ್ದಾರೆ. ಪಪುವಾದಲ್ಲಿ ಇದೇ ಹುಳುವಿನಿಂದ ಒಂದು ಬುಡಕಟ್ಟಿನ ಜನ ಬೆಂಕಿಗೆ ಬಿದ್ದು ಸುಟ್ಟುಕೊಂಡರು ಎಂದು ಎಲ್ಲೋ ಓದಿದೆ. ನಿಜವೇ?
— ಓದುಗರು, ತಿಪಟೂರು

ಉತ್ತರ: ನಿಮ್ಮ ನಾದಿನಿ ಕದ್ದು ಏನನ್ನೂ ತಿಂದಿಲ್ಲ ತಾಯಿ. ನೆಂಟರಿಗೆ ಮೊದಲು ಇದನ್ನು ಹೇಳಿ. ಮೆದುಳಿನ ಗುಳ್ಳೆ ಹಂದಿ ಮಾಂಸ ತಿಂದದ್ದರಿಂದ ನೇರವಾಗಿ ಬರುವುದೇ ಇಲ್ಲ. ಹೇಗೆ ಅಂತ ಮುಂದೆ ಹೇಳುತ್ತೇನೆ, ಅದಕ್ಕೆ ಮೊದಲು ಪಪುವಾದ ವಿಷಯ.

ಅದು ನಿಜ. ಇಂಡೋನೇಷ್ಯಾಕ್ಕೆ ಸೇರಿದ ಪಪುವಾದ ಬೆಟ್ಟಗಳ ನಡುವೆ ಪನಿಯಾಯ್ ಅನ್ನುವ ಸರೋವರಗಳ ಸೀಮೆ ಇದೆ. ಅಲ್ಲಿನ ಮೂಲನಿವಾಸಿಗಳು ಏಕಾರಿ ಜನ. ಅವರಿಗೆ ಹಂದಿ ಅಂದರೆ ನಮ್ಮ ರೈತರಿಗೆ ದನ ಇದ್ದ ಹಾಗೆ, ಅದೇ ಆಸ್ತಿ. ಮದುವೆಗೆ ಅದು ಬೇಕು, ಹಬ್ಬಕ್ಕೂ ಬೇಕು. ತಲೆತಲಾಂತರದಿಂದ ಹಂದಿ ಸಾಕಿದರೂ ಈ ಹುಳು ಅವರ ಕಡೆ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ಬಾಲಿ ದ್ವೀಪದಿಂದ ಹಂದಿಗಳು ಬಂದವು, ಅದೂ ಸರ್ಕಾರದ ಉಡುಗೊರೆಯಾಗಿ. ಅವುಗಳ ಮಾಂಸದಲ್ಲಿ ಲಾಡಿಹುಳುವಿನ ಗುಳ್ಳೆಗಳಿದ್ದವು. ಕಾದ ಕಲ್ಲುಗಳ ನಡುವೆ ಮಾಂಸ ಬೇಯಿಸುವುದು ಅಲ್ಲಿನ ಪದ್ಧತಿ, ಒಳಗಿನ ತುಂಡು ಹಸಿಯಾಗಿ ಉಳಿಯುವುದುಂಟು. ಕಕ್ಕಸು ಇರಲಿಲ್ಲ, ಹಂದಿಗಳು ಸುತ್ತಮುತ್ತ ಮೇಯುತ್ತಿದ್ದವು. ಹುಳು ಮನುಷ್ಯರಿಂದ ಹಂದಿಗೆ, ಹಂದಿಯಿಂದ ಮನುಷ್ಯರಿಗೆ ಸುತ್ತತೊಡಗಿತು.

ಸ್ವಲ್ಪ ದಿನಗಳಲ್ಲೇ ಎನರೊತಾಲಿ ಊರಿನ ಆಸ್ಪತ್ರೆಗೆ ಸುಟ್ಟಗಾಯದವರು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಆ ಸೀಮೆಯಲ್ಲಿ ರಾತ್ರಿ ವಿಪರೀತ ಚಳಿ. ಗುಡಿಸಲಿನ ನಡುವೆ ಬೆಂಕಿ ಹಾಕಿಕೊಂಡು ಅದರ ಸುತ್ತ ಮಲಗುತ್ತಾರೆ. ಮಲಗಿದ್ದವರಿಗೆ ಫಿಟ್ಸ್ ಬಂದು ಬೆಂಕಿಗೆ ಉರುಳಿದರೆ, ಎಚ್ಚರ ಇಲ್ಲದ ಮೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದಾದರೂ ಹೇಗೆ ಹೇಳಿ. ಮಲ ಪರೀಕ್ಷೆ ಮಾಡಿದಾಗ ಆಸ್ಪತ್ರೆಯಲ್ಲಿದ್ದವರ ಪೈಕಿ ನೂರಕ್ಕೆ ಸುಮಾರು 9 ಜನರಲ್ಲಿ ಲಾಡಿಹುಳುವಿನ ಮೊಟ್ಟೆ ಸಿಕ್ಕಿತು. ಇದೆಲ್ಲ 1978ರ ಹೊತ್ತಿಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿದೆ. ಆಮೇಲೆ ಹುಳು ಅದೇ ಬೆಟ್ಟಸೀಮೆಯ ಜಯವಿಜಯ ಜಿಲ್ಲೆಗೂ ಹಬ್ಬಿತು. ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಜನ ತಮ್ಮ ಹಳೆಯ ಬದುಕನ್ನೇ ಬದುಕುತ್ತಿದ್ದರು, ಕಾಯಿಲೆ ಬಂದದ್ದು ಹೊರಗಿನಿಂದ. ಆದರೂ ಕಾಡಿನ ಜನ, ಕೊಳಕು ಅಂತ ಬೊಟ್ಟು ಮಾಡುವವರು ಈಗಲೂ ಇದ್ದಾರೆ.

ಈಗ ನಿಮ್ಮ ಮನೆಯ ವಿಷಯ. ಈ ಹುಳು ಎರಡು ದಾರಿಯಲ್ಲಿ ಬರುತ್ತದೆ, ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಗುಳ್ಳೆ ಇರುವ ಹಂದಿ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದರೆ ಕರುಳಿನಲ್ಲಿ ಉದ್ದನೆಯ ಲಾಡಿಹುಳು ಬೆಳೆಯುತ್ತದೆ, ಎರಡರಿಂದ ನಾಲ್ಕು ಮೀಟರ್ ಕೂಡ ಆಗಬಹುದು. ಅದು ಒಂದು ದಾರಿ. ಆ ಹುಳು ಇರುವವರ ಮಲದಲ್ಲಿ ಮೊಟ್ಟೆಗಳು ಸಾವಿರಗಟ್ಟಲೆ ಹೊರಬೀಳುತ್ತವೆ. ಅವರು ಕೈ ತೊಳೆಯದೆ ಅಡುಗೆ ಮಾಡಿದರೆ, ಮಲ ಸೇರಿದ ನೀರು ಸೊಪ್ಪು ತರಕಾರಿಗೆ ಬಿದ್ದರೆ, ಆ ಮೊಟ್ಟೆ ಯಾರ ಹೊಟ್ಟೆಗೆ ಬೇಕಾದರೂ ಹೋಗಬಹುದು. ಅಲ್ಲಿ ಒಡೆದು, ಮರಿ ರಕ್ತದಲ್ಲಿ ಸಾಗಿ, ಮೆದುಳಲ್ಲೋ ಮಾಂಸದಲ್ಲೋ ಕಣ್ಣಲ್ಲೋ ಗುಳ್ಳೆಯಾಗಿ ಕೂರುತ್ತದೆ. ನಿಮ್ಮ ನಾದಿನಿಗೆ ಆಗಿರುವುದು ಇದು. ಇದಕ್ಕೆ ಮಾಂಸ ಬೇಕಾಗಿಲ್ಲ, ಅಲ್ವಾ? 1990ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಹಂದಿಯನ್ನೇ ಮುಟ್ಟದ ಸಂಪ್ರದಾಯಸ್ಥ ಯೆಹೂದಿ ಕುಟುಂಬಗಳಲ್ಲಿ ಇದೇ ಫಿಟ್ಸ್ ಕಾಣಿಸಿಕೊಂಡಿತು. ಹುಳು ಇದ್ದ ಮನೆಗೆಲಸದವರಿಂದ ಬಂದಿರಬೇಕು ಎಂದು ತನಿಖೆಯಲ್ಲಿ ತಿಳಿಯಿತು. ಹಾಗಂತ ಈಗ ನಿಮ್ಮ ಮನೆಗೆ ಬರುವವರ ಮೇಲೆ ಗೂಬೆ ಕೂರಿಸಬೇಡಿ. ಮೊಟ್ಟೆ ಒಳಗೆ ಹೋಗಿ ವರ್ಷಗಳಾದ ಮೇಲೂ ಫಿಟ್ಸ್ ಬರುತ್ತದೆ, ಎಲ್ಲಿಂದ ಬಂತು ಎಂದು ಹುಡುಕುವುದು ಬಲು ಕಷ್ಟ. ಮನೆಯವರೆಲ್ಲ ಒಮ್ಮೆ ಮಲ ಪರೀಕ್ಷೆ ಮಾಡಿಸಿಕೊಳ್ಳಿ, ಅಷ್ಟು ಸಾಕು.

ಫಿಟ್ಸ್ ಮಾತ್ರೆಯನ್ನು ನರರೋಗ ತಜ್ಞರು ಹೇಳುವ ತನಕ ನಿಲ್ಲಿಸಬೇಡಿ. ಬಹಳಷ್ಟು ಜನ ಚೆನ್ನಾಗಿಯೇ ಗುಣವಾಗುತ್ತಾರೆ.

ಪ್ರಶ್ನೆ: ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ಲಾಡಿಹುಳುವಿಗೂ ಆಗುತ್ತದಾ? ನಾವೂ ಅಂಗಡಿಯಿಂದ ತಂದು ನುಂಗಬಹುದಾ?
— ಓದುಗರು, ಸೋಮವಾರಪೇಟೆ

ಉತ್ತರ: ಶಾಲೆಯಲ್ಲಿ ಕೊಡುವುದು ಆಲ್ಬೆಂಡಜೋಲ್ 400 ಮಿಲಿಗ್ರಾಂ. ಜಂತುಹುಳು, ಕೊಕ್ಕೆಹುಳುವಿಗೆ ಅದು ಒಳ್ಳೆಯದು, ಮಕ್ಕಳಿಗೆ ತಪ್ಪದೆ ಕೊಡಿಸಿ. ಲಾಡಿಹುಳುವಿಗೆ ಒಂದು ಮಾತ್ರೆಯನ್ನು ನಂಬಿಕೊಳ್ಳುವಂತಿಲ್ಲ. ಮಲದಲ್ಲಿ ಬಿಳಿ ಲಾಡಿಯ ಚೂರಿನಂಥದ್ದು ಕಂಡರೆ ಡಾಕ್ಟರಿಗೆ ತೋರಿಸಿ, ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ. ಯಾಕೆಂದರೆ ಗೊತ್ತಿಲ್ಲದೆ ಮೆದುಳಲ್ಲೂ ಗುಳ್ಳೆ ಇದ್ದರೆ, ಕೆಲವು ಔಷಧಿಗಳಿಂದ ಅದು ಸಾಯುವಾಗ ಬಾವು ಬಂದು ಫಿಟ್ಸ್ ಆಗಬಹುದು. ತಲೆನೋವು, ಫಿಟ್ಸ್ ಏನಾದರೂ ಬಂದಿತ್ತಾ ಎಂದು ಡಾಕ್ಟರು ಕೇಳುವುದು ಇದಕ್ಕೇ, ಮುಚ್ಚಿಡದೆ ಹೇಳಿ. ನಿಮ್ಮ ಕಡೆ ಹಂದಿ ಮಾಂಸ ಜಾಸ್ತಿ, ತಿನ್ನಲು ಏನೂ ಅಡ್ಡಿಯಿಲ್ಲ. ಒಳಗೆ ಕೆಂಪು ಉಳಿಯದಂತೆ ಬೇಯಿಸಿ. ಕೊಯ್ಯುವಾಗ ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳು ಕಂಡರೆ ಆ ಮಾಂಸ ಬೇಡ.